ಚಲಚ್ಚಿತ್ರಗಳ ದೋಷಾದೋಷ ವಿಚಾರ

ವಿದ್ಯಾವಂತರ ಮನೆಗಳಲ್ಲಿ ಈಚೆಗೆ ಒಂದು ಹೊಸ ವಿನೋದವು ರೂಢಿಗೆ ಬಂದಿದೆ. ಚಲಚ್ಚಿತ್ರವೊಂದನ್ನು ನೋಡಿ ಮುಗಿಸಿದೊಡನೆ ಮನೆಯ ಹುಡುಗರು ಅದರಲ್ಲಿ ಉಳಿದುಹೋದ ತಪ್ಪುಗಳನ್ನು ಎಣಿಸತೊಡಗುತ್ತಾರೆ. ನಾಯಕನ ಕೈಯ ಲೋಟದಲ್ಲಿ ಅರ್ಧಕ್ಕಿಳಿದಿದ್ದ ಹಾಲು ಮರುಕ್ಷಣದಲ್ಲಿ ಕಂಠಮಟ್ಟ ತುಂಬಿತ್ತೆಂದು ಒಬ್ಬನು ಹೇಳುತ್ತಾನೆ; ನಾಯಿಕೆಯ ಹೆರಳು ಎಡಭುಜದಿಂದ ಬಲಭುಜಕ್ಕೆ ತಾನಾಗಿಯೇ ದಾಟಿತೆಂದು ಇನ್ನೊಬ್ಬಳು ಹೇಳುತ್ತಾಳೆ. ಪರದೇಶದ ಚಿತ್ರಗಳ ಪ್ರಸಿದ್ಧ ಪ್ರಮಾದಗಳಂತೂ ಈ ಮಕ್ಕಳಿಗೆ ಬಾಯಿಪಾಠವಾಗಿವೆ. ೨೦೦೦ರಲ್ಲಿ ತೆರೆಕಂಡ 'ಗ್ಲಾಡಿಯೇಟರ್' ಚಿತ್ರದ ರೋಮನ್ ಮಲ್ಲರಂಗದಲ್ಲಿ ರಥವೊಂದು ಮಗುಚಿಬಿದ್ದಾಗ ಅದರ ಹಿಂಬದಿಯಲ್ಲಿ ಅನಿಲದ ಸಿಲಿಂಡರು ಕಾಣಿಸಿಕೊಂಡಿತು. ೧೯೫೯ರ 'ನಾರ್ತ್ ಬೈ ನಾರ್ತ್‌ವೆಸ್ಟ್' ಚಿತ್ರದ ಉಪಾಹಾರಗೃಹದಲ್ಲಿ ನಾಯಿಕೆಯು ಪಿಸ್ತೂಲು ಹಾರಿಸುವ ಮೊದಲೇ ಹಿಂದೆ ಕುಳಿತ ಬಾಲಕನೊಬ್ಬನು ಎರಡು ಕಿವಿಗಳನ್ನೂ ಮುಚ್ಚಿಕೊಂಡನು. ಪಾಪ, ಹಿಂದಿನ ಪ್ರಯತ್ನಗಳಲ್ಲಿ ಆ ಸದ್ದನ್ನು ಕೇಳಿ ಅವನಿಗೆ ಸಾಕಾಗಿದ್ದಿರಬೇಕು. ೨೦೧೯ರಲ್ಲಿ 'ಗೇಮ್ ಆಫ್ ಥ್ರೋನ್ಸ್' ಎಂಬ ಧಾರಾವಾಹಿಯ ಔತಣಕೂಟದಲ್ಲಿ ರಾಣಿಯ ಮುಂದೆ ಇಂದಿನ ಕಾಲದ ಕಾಫಿಯ ಕಾಗದದ ಲೋಟವು ನಿಶ್ಚಿಂತೆಯಿಂದ ನಿಂತಿತ್ತು. ಇವನ್ನೆಲ್ಲ ಹೇಳಿ ಹುಡುಗರು ನಗುತ್ತಾರೆ. ಹಿರಿಯರು, "ಅದು ಸಿನಿಮಾ ತಾನೆ, ಬಿಡಿ" ಎಂದು ಎದ್ದು ಹೋಗುತ್ತಾರೆ.

ನಗುವ ಹುಡುಗರೂ ಎದ್ದುಹೋಗುವ ಹಿರಿಯರೂ ಈ ವಿಷಯದಲ್ಲಿ ಸಮಾನವಾಗಿ ದಾರಿತಪ್ಪಿದ್ದಾರೆ. ಹುಡುಗರು ಇಲಿಯನ್ನು ಅಟ್ಟಿಸಿಕೊಂಡು ಹೋಗಿ ಹೆಬ್ಬುಲಿಯನ್ನು ದಾಟಿ ಬಂದಿರುತ್ತಾರೆ. ಹಿರಿಯರು ಇಲಿ ಹುಲಿಗಳೆರಡಕ್ಕೂ ಒಂದೇ ಕ್ಷಮಾಪಣೆಯನ್ನು ದಯಪಾಲಿಸುತ್ತಾರೆ. ಯಾವ ದೋಷವು ಕ್ಷಮ್ಯ, ಯಾವುದು ಅಕ್ಷಮ್ಯ ಎಂಬ ವಿವೇಚನೆಯು ಕನ್ನಡಿಗರಿಗೆ ಹೊಸದಾಗಬೇಕಾಗಿರಲಿಲ್ಲ. ಸುಮಾರು ೮೫೦ರಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು, ಉಪಲಬ್ಧವಾದ ಕನ್ನಡ ಗ್ರಂಥಗಳಲ್ಲೆಲ್ಲ ಮೊದಲನೆಯದು. ಅದರ ಮೊದಲನೆಯ ಪರಿಚ್ಛೇದದ ಹೆಸರೇ ದೋಷಾದೋಷಾನುವರ್ಣನ ನಿರ್ಣಯ. ದೋಷ ಮಾತ್ರವಲ್ಲ, ಅದೋಷವೂ ಅಲ್ಲಿಯ ವಿಚಾರಕ್ಕೆ ವಿಷಯವಾಗಿದೆ. ಇಂಥ ಪೀಠಿಕೆಯಿಂದ ಸಾಹಿತ್ಯವನ್ನು ಆರಂಭಿಸಿದ ಜನವು ಇಂದು ಲೋಟದ ಹಾಲಿನ ಮಟ್ಟವನ್ನಳೆಯುವುದರಲ್ಲಿ ತನ್ನ ವಿಮರ್ಶಾಶಕ್ತಿಯನ್ನು ವ್ಯಯಮಾಡುತ್ತಿರುವುದು ವಿಷಾದಕರ.

ಮೊದಲು ಆ ಲೋಟದ ಪಕ್ಷವನ್ನೇ ನ್ಯಾಯವಾಗಿ ಕೇಳಬೇಕು. ಚಲಚ್ಚಿತ್ರವು ತೆರೆಯ ಮೇಲೆ ನಡೆಯುವ ಕ್ರಮದಲ್ಲಿ ತಯಾರಾಗುವುದಿಲ್ಲ. ಮನೆಯ ಒಳಗಿನ ದೃಶ್ಯಗಳೆಲ್ಲ, ಅವು ಕಥೆಯ ಆದಿಯಲ್ಲಿರಲಿ ಅಂತ್ಯದಲ್ಲಿರಲಿ, ಸೆಟ್ಟು ನಿಂತಿರುವ ನಾಲ್ಕು ದಿನಗಳಲ್ಲಿ ಮುಗಿಯಬೇಕು. ಬಾಗಿಲಿನ ಹೊರಗೆ ನಿಂತ ನಾಯಕನನ್ನು ಒಂದೂರಿನಲ್ಲಿ ಚಿತ್ರಿಸಿ, ಅದೇ ಬಾಗಿಲಿನಿಂದ ಒಳಕ್ಕೆ ಬಂದ ನಾಯಕನನ್ನು ತಿಂಗಳು ಕಳೆದ ಮೇಲೆ ಇನ್ನೊಂದೂರಿನಲ್ಲಿ ಚಿತ್ರಿಸುತ್ತಾರೆ; ಅಷ್ಟರಲ್ಲಿ ಅವನ ಕೂದಲು ಬೆಳೆದಿರುತ್ತದೆ, ಮೈ ಇಳಿದಿರುತ್ತದೆ. ಇಬ್ಬರ ಸಂಭಾಷಣೆಯಲ್ಲಿ ಒಬ್ಬನ ಮುಖವನ್ನು ಬೆಳಗ್ಗೆಯೂ ಇನ್ನೊಬ್ಬನ ಮುಖವನ್ನು ಮಧ್ಯಾಹ್ನವೂ ಹಿಡಿಯುತ್ತಾರೆ. ನೆರಳು ಆಗಲೇ ಪಕ್ಕ ಬದಲಾಯಿಸಿರುತ್ತದೆ. ಒಂದೊಂದು ಶಾಟಿಗೂ ಐದಾರು ಟೇಕುಗಳಾದರೆ ದೀಪದ ಎಣ್ಣೆ ಇಳಿಯುತ್ತದೆ, ಎಲೆಯ ಮೇಲಿನ ಅನ್ನ ಕರಗುತ್ತದೆ, ಮೇಣದ ಬತ್ತಿ ಗಿಡ್ಡವಾಗುತ್ತದೆ. ಇವನ್ನೆಲ್ಲ ಬರೆದಿಟ್ಟುಕೊಂಡು, ಗುಂಡಿ ಹಾಕಿತ್ತೇ ಬಿಚ್ಚಿತ್ತೇ, ಕುಂಕುಮ ದುಂಡಗಿತ್ತೇ ಉದ್ದವಾಗಿತ್ತೇ ಎಂದು ಹೊಂದಿಸುವುದಕ್ಕೆ ಕಂಟಿನ್ಯುಟಿ ನೋಡುವವರೆಂದೇ ಒಬ್ಬರಿರುತ್ತಾರೆ. ಕನ್ನಡ ಚಿತ್ರಗಳಲ್ಲಿ ಈ ಹೊರೆಯು ಬಹುಮಟ್ಟಿಗೆ ಸಹಾಯಕ ನಿರ್ದೇಶಕರಲ್ಲಿ ಎಳೆಯನಾದವನ ಹೆಗಲ ಮೇಲೆ ಬೀಳುತ್ತದೆ. ಆತನೇ ಊಟದ ವ್ಯವಸ್ಥೆಯನ್ನೂ ಜನರನ್ನು ದೂರ ಸರಿಸುವ ಕೆಲಸವನ್ನೂ ನೋಡಿಕೊಳ್ಳಬೇಕು. ಅಂಥವನು ಒಂದು ಹೆರಳನ್ನು ಮರೆತರೆ ಆ ಹೆರಳಿಗಾಗಿ ಅವನನ್ನು ಹಿಡಿದೆಳೆಯುವುದು ಯಾವ ಪುರುಷಾರ್ಥ?

ಅಷ್ಟೇ ಅಲ್ಲ, ಇಂಥ ತಪ್ಪುಗಳಲ್ಲಿ ಅನೇಕವು ತಿಳಿದೇ ಉಳಿಸಿಕೊಂಡವು. 'ಅಪಾಕಲಿಪ್ಸ್ ನೌ', 'ದಿ ಇಂಗ್ಲಿಷ್ ಪೇಷಂಟ್' ಮೊದಲಾದ ಚಿತ್ರಗಳನ್ನು ಸಂಕಲಿಸಿದ ವಾಲ್ಟರ್ ಮರ್ಚ್ ಎಂಬ ಅಮೆರಿಕದ ಸಂಕಲನಕಾರನು ತನ್ನ ಕಸುಬನ್ನು ಕುರಿತು ಬರೆದ ಪುಸ್ತಕದಲ್ಲಿ, ಒಂದು ಚಿತ್ರಿಕೆಯನ್ನು ಎಲ್ಲಿ ಕತ್ತರಿಸಬೇಕೆಂಬುದಕ್ಕೆ ಆರು ಒರೆಗಲ್ಲುಗಳನ್ನಿಟ್ಟು ಅವುಗಳಿಗೆ ತೂಕವನ್ನೂ ಕಟ್ಟಿದ್ದಾನೆ. ಭಾವಕ್ಕೆ ನೂರರಲ್ಲಿ ೫೧, ಕಥೆಗೆ ೨೩, ಲಯಕ್ಕೆ ೧೦, ನೋಡುವವನ ಕಣ್ಣು ನೆಟ್ಟಿರುವ ಸ್ಥಳಕ್ಕೆ ೭, ತೆರೆಯ ಸಮತಲಕ್ಕೆ ೫. ಎಲ್ಲಕ್ಕೂ ಕಡೆಯಲ್ಲಿ, ಯಾರು ಎಲ್ಲಿ ನಿಂತಿದ್ದರು ಎಂಬ ಸ್ಥಳದ ಅವಿಚ್ಛಿನ್ನತೆಗೆ ೪. ನಟಿಯ ಕಣ್ಣಿನಲ್ಲಿ ನಿಜವಾದ ನೀರು ಬಂದ ಟೇಕಿನಲ್ಲಿ ಆಕೆ ಒಂದು ಹೆಜ್ಜೆ ಆಚೆ ನಿಂತಿದ್ದರೆ ಸಂಕಲನಕಾರನು ಹೆಜ್ಜೆಯನ್ನು ಬಿಟ್ಟು ಕಣ್ಣೀರನ್ನೇ ಆರಿಸುತ್ತಾನೆ, ಆರಿಸಬೇಕಾದುದೂ ಹಾಗೆಯೇ. ೧೯೪೨ರ 'ಕಾಸಬ್ಲಾಂಕಾ' ಚಿತ್ರದಲ್ಲಿ ಸುರಿಯುವ ಮಳೆಯಲ್ಲಿ ತೊಯ್ದು ತೊಪ್ಪೆಯಾದ ನಾಯಕನ ಕೋಟು ರೈಲು ಹತ್ತುವಷ್ಟರಲ್ಲಿ ಒಣಗಿಹೋಗಿರುತ್ತದೆ. ಆ ಘಳಿಗೆಯಲ್ಲಿ ಅವನ ಕೋಟನ್ನು ನೋಡುತ್ತ ಕುಳಿತವನು ಕಾವ್ಯವನ್ನೋದುವಾಗ ಕಾಗದದ ತೂಕವನ್ನು ಪರೀಕ್ಷಿಸುವಂಥವನು. ದೋಷವೇ ಗುಣವಾಗಿ ಪರಿಣಮಿಸುವುದೂ ಉಂಟು: ೧೯೬೦ರಲ್ಲಿ ಫ್ರಾನ್ಸಿನ ಗೊದಾರ್ 'ಬ್ರೆತ್‌ಲೆಸ್' ಎಂಬ ಚಿತ್ರದಲ್ಲಿ ಒಂದೇ ದೃಶ್ಯದ ನಡುನಡುವೆ ತುಂಡುಗಳನ್ನು ಕತ್ತರಿಸಿ ಎಸೆದು, ಹಿಂದಿನವರು ಅಪರಾಧವೆಂದೆಣಿಸಿದ್ದ ಆ ನೆಗೆತವನ್ನೇ ಒಂದು ಶೈಲಿಯನ್ನಾಗಿ ಮಾಡಿದನು.

ಹೀಗಾಗಿ ಹಾಲಿನ ಲೋಟಕ್ಕೂ ಒಣಗಿದ ಕೋಟಿಗೂ ಬಿಡುಗಡೆಯಾಗಲಿ. ಈಗ ಹುಲಿಯ ವಿಚಾರ.

ಕವಿರಾಜಮಾರ್ಗಕಾರನಿಗೆ ಆಧಾರವಾದ ದಂಡಿಯು ಕಾವ್ಯದ ಹತ್ತು ದೋಷಗಳನ್ನು ಹೇಳುವಾಗ ಕಡೆಯದಾಗಿ ಒಂದು ದೊಡ್ಡ ದೋಷವನ್ನಿಟ್ಟಿದ್ದಾನೆ. ದೇಶ, ಕಾಲ, ಕಲೆ, ಲೋಕ, ನ್ಯಾಯ, ಆಗಮ, ಇವುಗಳಿಗೆ ವಿರುದ್ಧವಾಗಿ ಹೇಳುವುದೇ ಆ ದೋಷ. ಚಲಚ್ಚಿತ್ರವೆಂಬುದನ್ನು ಕನಸಿನಲ್ಲಿಯೂ ಕಾಣದ ಆ ಆಚಾರ್ಯನ ಪಟ್ಟಿಯು ಇಂದಿನ ಚಿತ್ರಗಳಿಗೆ ಹೊಲಿದ ಅಂಗಿಯಂತೆ ಹೊಂದುತ್ತದೆ. ದೇಶವಿರೋಧಕ್ಕೆ ಉದಾಹರಣೆ ಬೇಕೆ? ೧೮೮೩ರಲ್ಲಿ ಸಿಡಿದ ಕ್ರಾಕಟೋವಾ ಜ್ವಾಲಾಮುಖಿಯು ಜಾವಾ ದ್ವೀಪದ ಪಶ್ಚಿಮಕ್ಕಿದೆ. ೧೯೬೮ರಲ್ಲಿ ಅದನ್ನು ಕುರಿತು ತೆಗೆದ ಚಿತ್ರದ ಹೆಸರು 'ಕ್ರಾಕಟೋವಾ, ಈಸ್ಟ್ ಆಫ್ ಜಾವಾ', ಎಂದರೆ ಜಾವಾದ ಪೂರ್ವಕ್ಕಿರುವ ಕ್ರಾಕಟೋವಾ. ತಪ್ಪು ಚಿತ್ರದೊಳಗೆ ನುಸುಳಿದ್ದಲ್ಲ, ತಲೆಬಾಗಿಲ ಮೇಲೆಯೇ ತೋರಣದಂತೆ ತೂಗಿತು. ಅದೇ ವರ್ಷದ 'ದಿ ಗ್ರೀನ್ ಬೆರೆಟ್ಸ್' ಎಂಬ ಯುದ್ಧಚಿತ್ರದ ಕೊನೆಯಲ್ಲಿ ಪೂರ್ವಕ್ಕೆ ಕಡಲುಳ್ಳ ವಿಯೆಟ್ನಾಮಿನಲ್ಲಿ ಸೂರ್ಯನು ಕಡಲಿನಲ್ಲಿ ಮುಳುಗುತ್ತಾನೆ. ನ್ಯಾಯವಿರೋಧಕ್ಕೆ, ೧೯೩೯ರ 'ದಿ ವಿಜರ್ಡ್ ಆಫ್ ಆಜ್' ಚಿತ್ರದ ಹುಲ್ಲುಬೊಂಬೆಯು ತನಗೆ ಮಿದುಳು ಬಂದಿತೆಂಬುದಕ್ಕೆ ಪ್ರಮಾಣವಾಗಿ ಒಪ್ಪಿಸುವ ತ್ರಿಕೋನದ ಪ್ರಮೇಯವೇ ಸಾಕು. ಅದು ಪೂರ್ತಿ ತಪ್ಪು. ಕಾಲವಿರೋಧದಲ್ಲಿ ೧೯೯೫ರ 'ಬ್ರೇವ್‌ಹಾರ್ಟ್' ಚಿತ್ರಕ್ಕೆ ಅಗ್ರಪೂಜೆ ಸಲ್ಲಬೇಕು. ೧೩೦೫ರಲ್ಲಿ ಮರಣದಂಡನೆಗೆ ಗುರಿಯಾದ ವಾಲೆಸನೊಡನೆ ಪ್ರಣಯ ನಡೆಸುವ ಫ್ರೆಂಚ್ ರಾಜಕುಮಾರಿಯು ಆಗ ಹತ್ತು ವರ್ಷದ ಆಸುಪಾಸಿನ ಬಾಲೆ, ಇನ್ನೂ ಇಂಗ್ಲೆಂಡಿಗೆ ಕಾಲಿಟ್ಟಿರಲೇ ಇಲ್ಲ. ೧೨೯೭ರ ಸ್ಟರ್ಲಿಂಗ್ ಸೇತುವೆಯ ಕದನವನ್ನಂತೂ ಆ ಚಿತ್ರದವರು ಸೇತುವೆಯಿಲ್ಲದೆ ಬಯಲಿನಲ್ಲಿ ಮುಗಿಸಿದರು. ಆ ಕದನದ ಗೆಲುವೆಲ್ಲ ಆ ಇಕ್ಕಟ್ಟಾದ ಸೇತುವೆಯಲ್ಲಿ ಅಡಗಿತ್ತು.

ಪರರ ಮನೆಯ ದೋಷಗಳನ್ನು ಎಣಿಸುವುದು ಸುಲಭ. ಕನ್ನಡ ವಾಕ್ಚಿತ್ರವು ೧೯೩೪ರಲ್ಲಿ 'ಸತೀ ಸುಲೋಚನಾ'ದೊಡನೆ ಹುಟ್ಟಿದಾಗ ಅದಕ್ಕೆ ಉಡುಗೆ ತೊಡುಗೆಗಳು ಬಂದದ್ದು ನಾಟಕ ಕಂಪನಿಗಳ ಪೆಟ್ಟಿಗೆಗಳಿಂದ. ಆ ಮಖಮಲ್ಲು, ಆ ಜರತಾರಿ, ಆ ಕಿರೀಟಗಳು ಪುರಾಣಕ್ಕೆ ಒಪ್ಪುತ್ತಿದ್ದುವು. ಲಂಕೆಯಲ್ಲಿ ಇಂದ್ರಜಿತುವು ಏನನ್ನು ಉಟ್ಟಿದ್ದನೆಂದು ಕೇಳುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ತೊಡಕು ಹುಟ್ಟಿದ್ದು, ಅದೇ ಪೆಟ್ಟಿಗೆಯನ್ನು ಇತಿಹಾಸದ ಚಿತ್ರಗಳಿಗೂ ತೆರೆದಾಗ. ದಕ್ಷಿಣದ ಐತಿಹಾಸಿಕ ಚಿತ್ರಗಳಲ್ಲಿ ಅರಮನೆಯೆಂದರೆ ಇಂದಿಗೂ ಚೆಂಡುಹೂವಿನ ತೋರಣ, ಚೆಂಡುಹೂವಿನ ಮಾಲೆ, ಚೆಂಡುಹೂವಿನ ರಾಶಿ. ಕದಂಬರ ಬನವಾಸಿಯಿರಲಿ, ಚಾಳುಕ್ಯರ ಬಾದಾಮಿಯಿರಲಿ, ಕಿತ್ತಳೆಬಣ್ಣದ ಆ ಹೂವಿಲ್ಲದೆ ಪಟ್ಟಾಭಿಷೇಕವಿಲ್ಲ. ಆ ಹೂವಿನ ತವರು ಮೆಕ್ಸಿಕೋ. ೧೪೯೨ರಲ್ಲಿ ಕೊಲಂಬಸನು ಆ ಕಡೆಯ ನೆಲವನ್ನು ಮುಟ್ಟುವ ತನಕ, ೧೪೯೮ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಕಲ್ಲಿಕೋಟೆಗೆ ಬಂದು ಪೋರ್ಚುಗೀಸರ ದಾರಿ ತೆರೆಯುವ ತನಕ, ಅದು ಭರತಖಂಡಕ್ಕೆ ಬರುವ ಸಂಭವವೇ ಇರಲಿಲ್ಲ. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ, ಸೀಬೆ, ಅನಾನಸು, ಗೇರು, ಹೊಗೆಸೊಪ್ಪು, ಎಲ್ಲದರ ಕಥೆಯೂ ಅದೇ. ಕನ್ನಡ ನುಡಿಯು ಈ ಚರಿತ್ರೆಯನ್ನು ತನ್ನ ಮಡಿಲಿನಲ್ಲಿ ಕಟ್ಟಿಕೊಂಡಿದೆ: ಪರಂಗಿಯ ಹಣ್ಣು ತಾನು ಪರಂಗಿಯವರೊಡನೆ ಬಂದದ್ದೆಂದು ಹೆಸರಿನಲ್ಲಿಯೇ ಸಾರುತ್ತದೆ, ಬಟಾಟೆಯೂ ಅನಾನಸೂ ಪೋರ್ಚುಗೀಸರ ಬಾಯಿಂದ ಬಂದ ಮಾತುಗಳು, ಹೊಸದಾಗಿ ಬಂದ ಖಾರದ ಕಾಯಿಗೆ ಹಳೆಯ ಮೆಣಸು ತನ್ನ ಹೆಸರನ್ನು ಎರವಲು ಕೊಟ್ಟು ಮೆಣಸಿನಕಾಯಿಯೆನಿಸಿತು. ಹೀಗಿರಲು ಆರನೆಯ ಶತಮಾನದ ಸಂತೆಯ ದೃಶ್ಯದಲ್ಲಿ ಕೆಂಪು ಮೆಣಸಿನಕಾಯಿಯ ರಾಶಿಯನ್ನು ಹರಡುವ ಕಲಾನಿರ್ದೇಶಕನು ನಿಘಂಟನ್ನು ತೆರೆದಿದ್ದರೂ ಸಾಕಾಗಿತ್ತು.

ಕೃಷ್ಣದೇವರಾಯನ ಆಳ್ವಿಕೆಯ ವಿಚಾರದಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಆತನು ೧೫೦೯ರಿಂದ ೧೫೨೯ರ ತನಕ ಆಳಿದವನು. ಗೋವೆಯ ಪೋರ್ಚುಗೀಸರೊಡನೆ ಕುದುರೆಯ ವ್ಯಾಪಾರವಿದ್ದವನು. ಹೊಸ ಖಂಡದ ಒಂದೆರಡು ಕಾಯಿಪಲ್ಯಗಳು ಆಗಲೇ ಕರಾವಳಿಗೆ ಬಂದಿದ್ದುವೆಂದು ಯಾರಾದರೂ ವಾದಿಸಿದರೆ ತಡೆಯಬೇಕಾಗಿಲ್ಲ. ಆದರೆ ವಿಜಯನಗರದ ಬೀದಿಗೆ ಯಾವ ಹೂವು ಬೇಕೆಂಬುದಕ್ಕೆ ವಾದವೇ ಅನಾವಶ್ಯಕ. ೧೪೪೩ರಲ್ಲಿ ಆ ಪಟ್ಟಣವನ್ನು ಕಣ್ಣಾರೆ ಕಂಡ ಅಬ್ದುರ್ ರಜಾಕನು, ಅಲ್ಲಿ ಎಲ್ಲೆಲ್ಲಿಯೂ ಗುಲಾಬಿ ಮಾರುತ್ತಿದ್ದರೆಂದೂ ಆ ಜನಕ್ಕೆ ಗುಲಾಬಿಯು ಅನ್ನದಷ್ಟೇ ಅವಶ್ಯವೆಂದೂ ಬರೆದಿಟ್ಟಿದ್ದಾನೆ. ಬನವಾಸಿಗೆ ಇದಕ್ಕಿಂತಲೂ ಹಿರಿಯ ಸಾಕ್ಷಿಯುಂಟು. ೯೪೧ರ ತನ್ನ ಭಾರತದಲ್ಲಿ ಪಂಪನು ಆ ನಾಡನ್ನು ನೆನೆದಾಗ ಮಾವು, ಎಲೆಬಳ್ಳಿ, ಜಾಜಿ, ಸಂಪಗೆಗಳನ್ನು ಹೆಸರಿಸಿ ಹೋಗಿದ್ದಾನೆ. ಕಲಾನಿರ್ದೇಶಕನಿಗೆ ಮಹಾಕವಿಯೇ ಗಿಡಗಳ ಪಟ್ಟಿಯನ್ನು ಬರೆದುಕೊಟ್ಟಿರುವಾಗ, ಚಿತ್ರದವರು ಬ್ರೆಜಿಲ್ ದೇಶದ ಕಾಗದದ ಹೂವಿನ ಬಳ್ಳಿಯ ಕೆಳಗೆ, ಮಡಗಾಸ್ಕರಿನ ಗುಲ್‌ಮೊಹರಿನ ನೆರಳಿನಲ್ಲಿ, ಕದಂಬ ರಾಜಕುಮಾರಿಯನ್ನು ನಿಲ್ಲಿಸಿ ಹಾಡಿಸುತ್ತಾರೆ. ಹಿನ್ನೆಲೆಯಲ್ಲಿ ನೀಲಗಿರಿಯ ಮರಗಳು ಸಾಲಾಗಿ ನಿಂತು ತಲೆದೂಗುತ್ತವೆ. ಆಸ್ಟ್ರೇಲಿಯದಿಂದ ಬಂದ ಆ ಮರವನ್ನು ಟಿಪ್ಪುವು ಸುಮಾರು ೧೭೯೦ರಲ್ಲಿ ನಂದಿಬೆಟ್ಟದಲ್ಲಿ ನೆಡಿಸಿದನೆಂದು ಪ್ರತೀತಿ. ರಣರಂಗವೆಂದು ತೋರಿಸುವ ಬಯಲಿನ ತುಂಬ ಬಳ್ಳಾರಿ ಜಾಲಿ; ಅದೂ ಅಮೆರಿಕದ್ದೇ, ಹತ್ತೊಂಬತ್ತನೆಯ ಶತಮಾನದಲ್ಲಿ ತಂದು ಬಿತ್ತಿದ್ದು. ಚಾಳುಕ್ಯರ ದಂಡು ಅದರ ಮುಳ್ಳನ್ನು ತುಳಿದಿರಲಾರದು.

"ಹೂವಿನ ಮಾತಿಗೆ ಇಷ್ಟು ಕೂಗಾಟವೇ?" ಎಂದು ಕೇಳುವವರಿದ್ದಾರೆ. ಅವರ ವಾದದಲ್ಲಿ ಒಂದು ಭಾಗವು ನ್ಯಾಯವೇ ಆಗಿದೆ. ಚೆಂಡುಹೂವು ಅಗ್ಗ; ಮೂಟೆಯಲ್ಲಿ ಸಿಕ್ಕುತ್ತದೆ; ಬಣ್ಣವು ಕ್ಯಾಮೆರಾಕ್ಕೆ ಎದ್ದು ಕಾಣುತ್ತದೆ; ದೀಪಗಳ ಕಾವಿನಲ್ಲಿ ಮಲ್ಲಿಗೆಯು ಒಂದು ತಾಸಿನಲ್ಲಿ ಬಾಡಿದರೆ ಚೆಂಡುಹೂವು ಸಂಜೆಯ ತನಕ ನಿಲ್ಲುತ್ತದೆ. ಇದನ್ನು ಬಾಯಿಬಿಟ್ಟು ಹೇಳುವ ನಿರ್ಮಾಪಕನೊಡನೆ ಜಗಳವಿಲ್ಲ. ಆತನು ತಿಳಿದು ಮಾಡಿದನು, ಬಡತನಕ್ಕಾಗಿ ಮಾಡಿದನು. ಜಗಳವಿರುವುದು, ಹೀಗೆ ಹೇಳದೆ 'ಕಾವ್ಯಸ್ವಾತಂತ್ರ್ಯ'ವೆಂಬ ದೊಡ್ಡ ಮಾತಿನ ಹಿಂದೆ ಅಡಗಿಕೊಳ್ಳುವವರೊಡನೆ. ಅವರು ಷೇಕ್ಸ್‌ಪಿಯರನನ್ನು ಸಾಕ್ಷಿಗೆ ಕರೆಯುತ್ತಾರೆ. ಜೂಲಿಯಸ್ ಸೀಸರನ ರೋಮಿನಲ್ಲಿ ಗಡಿಯಾರವು ಗಂಟೆ ಬಾರಿಸುವುದಿಲ್ಲವೇ? ಸುತ್ತಲೂ ನೆಲವಿರುವ ಬೊಹಿಮಿಯಕ್ಕೆ ಆತನು ಕಡಲತೀರವನ್ನು ಕೊಡಲಿಲ್ಲವೇ? ಕೊಟ್ಟನು. ಆದರೆ ಆ ರಂಗದ ಮೇಲೆ ರೋಮೂ ಇರಲಿಲ್ಲ, ಬೊಹಿಮಿಯವೂ ಇರಲಿಲ್ಲ. ಬರಿಯ ಹಲಗೆ, ಬರಿಯ ಮಾತು. ಕರಾವಳಿಯ ಯಕ್ಷಗಾನದಲ್ಲಿ ಒಂದು ರಥಪೀಠವೇ ಸಿಂಹಾಸನವೂ ರಥವೂ ಪರ್ವತವೂ ಆಗುತ್ತದೆ; ಭಾಗವತನ ಪದವೊಂದು ಮುಗಿಯುವಷ್ಟರಲ್ಲಿ ವನವಾಸದ ವರ್ಷಗಳು ಕಳೆಯುತ್ತವೆ. ಬೆಳಗಿನ ಜಾವದವರೆಗೆ ಕುಳಿತು ನೋಡುವ ರೈತನು ಅದನ್ನು ತಪ್ಪೆನ್ನುವುದಿಲ್ಲ, ಏಕೆಂದರೆ ಅಲ್ಲಿ ಯಾರೂ "ಇದು ಹೀಗೆಯೇ ಇತ್ತು" ಎಂದು ಹೇಳಿಕೊಂಡಿಲ್ಲ. ಪಂಪನು ಅರ್ಜುನನಲ್ಲಿ ತನ್ನ ಅರಿಕೇಸರಿಯನ್ನು ಕೂಡಿಸಿದ್ದೂ ಕಣ್ಣು ತೆರೆದುಕೊಂಡೇ. ದೇಶಕಾಲಾದಿ ವಿರೋಧವು ಕವಿಯ ಕೌಶಲದಿಂದ ಗುಣವಾಗಬಲ್ಲುದೆಂದು ದಂಡಿಯೂ ಒಪ್ಪಿದ್ದಾನೆ. ಕೌಶಲದಿಂದ ಎಂದನೇ ಹೊರತು ಔದಾಸೀನ್ಯದಿಂದ ಎನ್ನಲಿಲ್ಲ.

ಚಲಚ್ಚಿತ್ರದ ಪ್ರತಿಜ್ಞೆಯೇ ಬೇರೆ. ಅದು ಛಾಯಾಗ್ರಹಣದ ಕೂಸು. ಕಂಡದ್ದನ್ನು ಕಂಡಂತೆ ಹಿಡಿಯುವ ಯಂತ್ರದ ಮರ್ಯಾದೆಯು ಅದು ತೋರಿಸುವ ಪ್ರತಿಯೊಂದು ಸುಳ್ಳಿಗೂ ಅಂಟಿಕೊಳ್ಳುತ್ತದೆ. ಪಠ್ಯಪುಸ್ತಕದ ಪುಟವು ಪರೀಕ್ಷೆಯ ಮರುದಿನವೇ ಮರೆತುಹೋಗಬಹುದು. ಹತ್ತನೆಯ ವಯಸ್ಸಿನಲ್ಲಿ ತೆರೆಯ ಮೇಲೆ ಕಂಡ ಅರಮನೆಯು ಮರೆಯುವುದಿಲ್ಲ. ಇದನ್ನು ಚಿತ್ರೋದ್ಯಮದವರು ಚೆನ್ನಾಗಿ ಬಲ್ಲರು. ಆದುದರಿಂದಲೇ ಗೋಡೆಯ ಮೇಲಿನ ಭಿತ್ತಿಪತ್ರದಲ್ಲಿ "ಸತ್ಯಕಥೆ" ಎಂದು ಅಚ್ಚುಹಾಕಿಸಿ, ಚಿತ್ರದ ಮೊದಲಲ್ಲಿ "ಪಾತ್ರಗಳೆಲ್ಲ ಕಾಲ್ಪನಿಕ, ಹೋಲಿಕೆಯು ಆಕಸ್ಮಿಕ" ಎಂದು ಸಣ್ಣ ಅಕ್ಷರಗಳಲ್ಲಿ ತೋರಿಸುತ್ತಾರೆ. ಹಣ ಕೀಳುವಾಗ ಸತ್ಯ, ಉತ್ತರ ಹೇಳುವಾಗ ಕಲ್ಪನೆ. ಆ ಸಣ್ಣ ಅಕ್ಷರಗಳಿಗೂ ಒಂದು ಚರಿತ್ರೆಯುಂಟು. ೧೯೩೨ರಲ್ಲಿ ಅಮೆರಿಕದ ಎಂ.ಜಿ.ಎಂ. ಕಂಪನಿಯು ರಾಸ್ಪುಟಿನನನ್ನು ಕುರಿತ ಚಿತ್ರವೊಂದನ್ನು ತೆಗೆದು, ಅದರಲ್ಲಿ ರಾಜಕುಮಾರಿಯೊಬ್ಬಳ ಮಾನಕ್ಕೆ ಕುಂದು ಬರುವಂಥ ಘಟನೆಯನ್ನು ಹೆಣೆಯಿತು. ಆ ಪಾತ್ರವು ತಾನೇ ಎಂದು ಗುರುತಿಸಲ್ಪಡುವಂತಿದೆಯೆಂದು ಇರೀನಾ ಯೂಸುಪೋವ್ ಎಂಬಾಕೆ ಲಂಡನ್ನಿನಲ್ಲಿ ದಾವೆ ಹೂಡಿ, ೧೯೩೪ರಲ್ಲಿ ೨೫,೦೦೦ ಪೌಂಡುಗಳ ಪರಿಹಾರವನ್ನು ಗೆದ್ದಳು. ಅಂದಿನಿಂದ ಈಚೆಗೆ ಚಿತ್ರಗಳ ಮೇಲೆ ಆ ಒಕ್ಕಣೆಯು ವ್ಯಾಪಿಸಿತು. ದಾವೆಯಿಂದ ಉದ್ಯಮವು ಕಲಿತದ್ದು ಕಥೆಯನ್ನು ವಿಚಾರಿಸಿ ಬರೆಯಬೇಕೆಂಬುದನ್ನಲ್ಲ; ವಿಚಾರಿಸದೆ ಬರೆದು ಪಾರಾಗುವ ವಾಕ್ಯವನ್ನು.

ದಂಡಿಯ ಲೋಕವಿರೋಧವು ಕನ್ನಡ ಚಿತ್ರಗಳಲ್ಲಿ ಇನ್ನೊಂದು ವೇಷದಿಂದ ಬರುತ್ತದೆ. ತಪ್ಪು ಹುಡುಕುವ ಹುಡುಗರ ಪಟ್ಟಿಯಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ಅದು ನುಡಿಯ ದೋಷ. ಕಥೆಯು ಧಾರವಾಡದಲ್ಲಿ ನಡೆಯುತ್ತದೆ. ನಾಯಕನೂ ನಾಯಿಕೆಯೂ ಬೆಂಗಳೂರಿನ ಅಚ್ಚುಕಟ್ಟಾದ ಮಾತನಾಡುತ್ತಾರೆ. ಮನೆಯ ಆಳು ಮಾತ್ರ ಧಾರವಾಡದ ಮಾತನಾಡುತ್ತಾನೆ, ಅದೂ ನಗಿಸುವುದಕ್ಕೆ. ಆ ಆಳಿನ ಬಾಯಲ್ಲಿ ಒಂದು ವಾಕ್ಯಕ್ಕೆ 'ಅದ', ಮುಂದಿನ ವಾಕ್ಯಕ್ಕೆ 'ಐತಿ'. ಆ ಎರಡು ರೂಪಗಳ ಹಿಂದೆ ಎರಡು ಬೇರೆ ಬೇರೆ ಮನೆತನಗಳ ಬಳಕೆಯಿದೆಯೆಂಬುದು ಬರೆದವನಿಗೂ ಗೊತ್ತಿಲ್ಲ, ಆಡಿದವನಿಗೂ ಗೊತ್ತಿಲ್ಲ. ಅಣ್ಣನ ಹೆಂಡತಿಯನ್ನು 'ವೈನಿ' ಎಂದು ಕರೆಯುವ ಮನೆಯಲ್ಲಿ ಮೈದುನನು 'ಅತ್ತಿಗೆ' ಎಂದು ಕರೆಯುತ್ತಾನೆ. ಮಂಗಳೂರಿನವರು ತೆರೆಗೆ ಬಂದರೆ ಪುಸ್ತಕದ ಭಾಷೆಯನ್ನು ರಾಗವಾಗಿ ಎಳೆಯಲೇಬೇಕೆಂಬುದು ಒಂದು ಅಲಿಖಿತ ಶಾಸನ. ಕಾಫಿಯ ಲೋಟವನ್ನು ಕಂಡು ನಕ್ಕ ವಿದ್ಯಾವಂತ ಕುಟುಂಬವು ಇದನ್ನು ಕೇಳಿಯೂ ನಗುತ್ತದೆ, ಆದರೆ ತಪ್ಪನ್ನು ಕಂಡು ಅಲ್ಲ, ಆ ಆಳನ್ನು ಕಂಡು. ಅರ್ಧ ನಾಡಿನ ಮನೆಮಾತು ಹಾಸ್ಯಗಾರನ ಸೊತ್ತಾಗಿ ಉಳಿದದ್ದು ಹೀಗೆ. ಇದಕ್ಕೆ ಹಣದ ನೆಪವೂ ಇಲ್ಲ. ೨೦೧೫ರ 'ತಿಥಿ' ಚಿತ್ರದಲ್ಲಿ ಮಂಡ್ಯದ ಸೀಮೆಯ ಹಳ್ಳಿಗರೇ ನಟಿಸಿ ತಮ್ಮ ಮಾತನ್ನೇ ಆಡಿದರು. ಅವರಲ್ಲಿ ಕ್ಯಾಮೆರಾದ ಮುಂದೆ ಹಿಂದೆಂದೂ ನಿಲ್ಲದವರೇ ತುಂಬಿದ್ದರು. ಅದು ಲೊಕಾರ್ನೋ ಚಿತ್ರೋತ್ಸವದ ತನಕ ಹೋಗಿ ಪುರಸ್ಕಾರವನ್ನು ತಂದಿತು. ಆ ಮಾತನ್ನು ಬಲ್ಲವರೇ ಆಡಿದರೆಂಬುದೊಂದೇ ಅಲ್ಲಿಯ ಯುಕ್ತಿ.

ಹತ್ತಿರದ ಕಾಲದ ಕಥೆಗಳಲ್ಲಿಯಾದರೂ ಎಚ್ಚರವಿರಬಹುದೆಂದು ಎಣಿಸಿದರೆ ಅದೂ ಹುಸಿ. ೧೯೬೦ರ ಸುಮಾರಿನ ಕಥೆಯಲ್ಲಿ ಸರಕಾರಿ ಕಚೇರಿಯ ಫಲಕವು 'ಕರ್ನಾಟಕ ಸರ್ಕಾರ' ಎಂದಿರುತ್ತದೆ. ಮೈಸೂರು ರಾಜ್ಯವು ಆ ಹೆಸರನ್ನು ಪಡೆದದ್ದು ೧೯೭೩ರ ನವೆಂಬರ್ ೧ರಂದು. ಸ್ವಾತಂತ್ರ್ಯದ ಹೊತ್ತಿನ ಅಂಚೆಯ ಲಕೋಟೆಯ ಮೇಲೆ ಆರಂಕಿಯ ಪಿನ್ ಕೋಡು. ಅದು ಹುಟ್ಟಿದ್ದು ೧೯೭೨ರಲ್ಲಿ. ಆಣೆಯ ಕಾಲದ ಅಂಗಡಿಯಲ್ಲಿ ಪೈಸೆಯ ಲೆಕ್ಕ. ದಶಮಾಂಶದ ನಾಣ್ಯಗಳು ಬಂದದ್ದು ೧೯೫೭ರ ಏಪ್ರಿಲ್ ೧ರಂದು. ಇವೆಲ್ಲ ಮನೆಯ ಅಜ್ಜಿಯೊಬ್ಬಳನ್ನು ಕೇಳಿದರೂ ತಿಳಿಯತಕ್ಕ ಸಂಗತಿಗಳು.

ಆದರೆ ಈ ಸಾಲಿನಲ್ಲಿ ಒಂದು ತಪ್ಪನ್ನು ಸಂಗತಿಯೆಂದು ಬಿಡುವಂತಿಲ್ಲ. ಸ್ವಾತಂತ್ರ್ಯ ಚಳವಳಿಯ ಮೆರವಣಿಗೆಯನ್ನು ತೋರಿಸುವಾಗ ಚಿತ್ರದ ಮೇಲೆ ಚಿತ್ರದಲ್ಲಿ ಚಳವಳಿಗಾರರ ಕೈಗೆ ಅಶೋಕಚಕ್ರದ ಧ್ವಜವನ್ನು ಕೊಡುತ್ತಾರೆ. ಆ ಧ್ವಜವನ್ನು ಸಂವಿಧಾನ ಸಭೆಯು ಅಂಗೀಕರಿಸಿದ್ದು ೧೯೪೭ರ ಜುಲೈ ೨೨ರಂದು. ಅದಕ್ಕೆ ಹಿಂದೆ, ೧೯೩೧ರಿಂದ, ಕಾಂಗ್ರೆಸ್ಸಿನವರು ಎತ್ತಿದ ಧ್ವಜದ ನಡುವೆ ಇದ್ದದ್ದು ಚರಕ. ೧೯೩೮ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಮೀರಿ ಏರಿಸಿದ್ದು ಆ ಚರಕದ ಧ್ವಜವನ್ನು. ಅದೇ ತಿಂಗಳ ೨೫ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಅದೇ ಧ್ವಜಕ್ಕಾಗಿ ಸೇರಿದ ಜನರ ಮೇಲೆ ಪೊಲೀಸರ ಗುಂಡು ಹಾರಿತು; ಹಳ್ಳಿಗರು ಸತ್ತರು. ಅವರು ನೂಲನ್ನು ಹಿಡಿದು ಹೊರಟ ಜನ. ಚರಕವು ಅವರ ಮನೆಯ ಜಗಲಿಯ ಮೇಲೆ ತಿರುಗುತ್ತಿದ್ದ ವಸ್ತು, ಅವರ ರಾಜಕೀಯದ ಅರ್ಥವೇ ಅದರಲ್ಲಿತ್ತು. ಅವರ ಕೈಯಿಂದ ಚರಕವನ್ನು ತೆಗೆದು, ಅವರು ಸಾಯುವವರೆಗೆ ಕಾಣದಿದ್ದ ಧ್ವಜವನ್ನಿಡುವುದು ಯಾವ ಕಾವ್ಯಸ್ವಾತಂತ್ರ್ಯ? ಕ್ಯಾಮೆರಾಕ್ಕೆ ಬಣ್ಣ ಸಾಲದೆಂಬ ವಾದವಿಲ್ಲಿಲ್ಲ: ಕೇಸರಿ, ಬಿಳಿ, ಹಸಿರುಗಳೇ ಅಲ್ಲಿಯೂ. ಖರ್ಚಿನ ವಾದವಿಲ್ಲ: ಬಟ್ಟೆಯೂ ಒಂದೇ, ದರ್ಜಿಯ ಕೂಲಿಯೂ ಒಂದೇ. ಹೂವಿನಂತೆ ಬಾಡುವುದೂ ಇಲ್ಲ. ಕೇಳುವವರಿಲ್ಲವೆಂಬುದೊಂದೇ ಕಾರಣ.

ಚಿತ್ರವು ಒಮ್ಮೆ ಮುಗಿದ ಮೇಲೆ ತಿದ್ದುವಂತಿಲ್ಲವೆಂಬ ಹಳೆಯ ಉತ್ತರವು ಈಗ ನಡೆಯದು. ಔತಣಕೂಟದ ಆ ಕಾಫಿಯ ಲೋಟವನ್ನು ಒಡೆಯರು ಎರಡು ದಿನಗಳೊಳಗೆ ಅಳಿಸಿಹಾಕಿದರು. ೧೯೯೭ರ 'ಟೈಟಾನಿಕ್' ಚಿತ್ರದಲ್ಲಿ ಹಡಗು ಮುಳುಗುವ ರಾತ್ರಿಯ ಆಕಾಶದ ನಕ್ಷತ್ರಗಳು ತಪ್ಪಾಗಿವೆಯೆಂದು ನೀಲ್ ಡಿಗ್ರಾಸ್ ಟೈಸನ್ ಎಂಬ ಖಗೋಲಜ್ಞನು ನಿರ್ದೇಶಕ ಜೇಮ್ಸ್ ಕ್ಯಾಮರೂನನನ್ನು ಬಿಡದೆ ಕಾಡಿದನು. ೨೦೧೨ರಲ್ಲಿ ಚಿತ್ರವು ಮರಳಿ ತೆರೆಗೆ ಬಂದಾಗ ಆಕಾಶವು ಸರಿಯಾಗಿತ್ತು. (ಅದೇ ಚಿತ್ರದ ನಾಯಕನು ತಾನು ಬಿದ್ದೆನೆಂದು ಹೇಳುವ ವಿಸ್ಕಾನ್ಸಿನ್ನಿನ ಕೆರೆಯು, ಹಡಗು ಮುಳುಗಿ ಐದು ವರ್ಷಗಳಾದ ಮೇಲೆ ೧೯೧೭ರಲ್ಲಿ ಕಟ್ಟೆ ಕಟ್ಟಿದ್ದರಿಂದ ಆದದ್ದು, ಅದು ಹಾಗೆಯೇ ಉಳಿದಿದೆ.) ಗಮನಿಸತಕ್ಕದ್ದು ತಂತ್ರದ ಚಮತ್ಕಾರವಲ್ಲ, ಒಬ್ಬ ವಿದ್ವಾಂಸನು ಚಿತ್ರವನ್ನು ನೋಡಿದನು, ತಪ್ಪನ್ನು ಹೇಳಿದನು, ಹೇಳಿದ್ದಕ್ಕೆ ಬೆಲೆ ಬಂದಿತು ಎಂಬುದು.

ಇಲ್ಲಿಯ ವಿದ್ವಾಂಸರೋ ಚಿತ್ರಮಂದಿರಕ್ಕೆ ಹೋಗುವುದನ್ನೇ ಮರ್ಯಾದೆಗೆ ಕಡಿಮೆಯೆಂದು ಬಗೆದಿದ್ದಾರೆ. ಜಿಲ್ಲೆಯ ಸಾಹಿತ್ಯಸಂಘಗಳಲ್ಲಿ ಶಾಸನವನ್ನೋದಬಲ್ಲವರಿದ್ದಾರೆ. ಸುಮಾರು ೪೫೦ರ ಹಲ್ಮಿಡಿಯ ಲಿಪಿಗೂ ಇಂದಿನ ದುಂಡನೆಯ ಲಿಪಿಗೂ ಇರುವ ಅಂತರವನ್ನು ಬಲ್ಲವರಿ­ದ್ದಾರೆ. ಯಾವ ಮರವು ಊರಿಗೆ ಯಾವಾಗ ಬಂದಿತು, ರೈಲು ಎಂದು ಬಂದಿತು, ಯಾವ ಕೇರಿಯಲ್ಲಿ ಏನೆಂದು ಕರೆಯುತ್ತಿದ್ದರು ಎಂಬುದನ್ನು ನೆನಪಿನಿಂದಲೇ ಹೇಳಬಲ್ಲ ವೃದ್ಧರಿದ್ದಾರೆ. ಕಲ್ಲಿನ ಮೇಲೆ ಇಂದಿನ ಅಕ್ಷರಗಳನ್ನು ಕೆತ್ತಿಸಿ ಮಯೂರಶರ್ಮನ ಶಾಸನವೆಂದು ತೋರಿಸಿದರೆ ಅವರು ಮನೆಯ ಮೂಲೆಯಲ್ಲಿ ಕುಳಿತು ನಿಟ್ಟುಸಿರಿಡುತ್ತಾರೆ. ಒಂದು ಕಾರ್ಡು ಬರೆದು ಹಾಕುವುದಿಲ್ಲ. ಚಿತ್ರದ ತಂಡವು ಕೋಟೆಗೋ ಕೆರೆಯ ಏರಿಗೋ ಬಂದಿಳಿದಾಗ ಊರಿಗೆ ಊರೇ ನಟನೊಡನೆ ಚಿತ್ರ ತೆಗೆಸಿಕೊಳ್ಳಲು ಮುತ್ತುತ್ತದೆ. ಸಂಘದ ಕಾರ್ಯದರ್ಶಿಯು ಹಾರವನ್ನು ಹಿಡಿದು ಮುಂದೆ ನಿಂತಿರುತ್ತಾನೆ, ಬಹುಮಟ್ಟಿಗೆ ಚೆಂಡುಹೂವಿನ ಹಾರವನ್ನೇ. ಅದೇ ತಂಡದ ಎಳೆಯ ಸಹಾಯಕ ನಿರ್ದೇಶಕನು ಅದೇ ಗುಂಪಿನ ಅಂಚಿನಲ್ಲಿ ಕೈಯಲ್ಲಿ ಪುಸ್ತಕ ಹಿಡಿದು ಯಾರ ಗುಂಡಿ ಹಾಕಿತ್ತು, ಯಾರದು ಬಿಚ್ಚಿತ್ತು ಎಂದು ಬರೆದುಕೊಳ್ಳುತ್ತಿರುತ್ತಾನೆ. ಅವನ ಹತ್ತಿರ ಹೋಗಿ, ನಾಳೆ ತೆಗೆಯುವ ದೃಶ್ಯವು ಯಾವ ಇಸವಿಯದು ಎಂದು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.